ಕೊನೆಯ ಅಂಕಿ

ಲೆಕ್ಕದ ಮೇಷ್ಟ್ರು ಎಂದು ನನ್ನನ್ನು ಸಮಿತಿಗೆ ಹಾಕಿದರು.
ಮೂರು ಜನ, ಒಂದು ಫ್ಲಾಸ್ಕು ಚಹಾ, ಬನ್ಸಿನ ಪೊಟ್ಟಣ.
ಕಿಟಕಿಯಾಚೆ ಹೊಳೆ, ಸುಲ್ತಾನ್ ಬತ್ತೇರಿಯ ದೋಣಿ
ಆಚೆ ದಡಕ್ಕೆ ಹೋಗುತ್ತ, ಬರುತ್ತ.

ಪ್ರಬಂಧ ಹನ್ನೆರಡು ಪುಟ.
ಮರ್ವಾಯಿಯ ಮಾಂಸದಲ್ಲಿ ಸೀಸ ಎಷ್ಟು, ಕ್ಯಾಡ್ಮಿಯಂ ಎಷ್ಟು,
ತಿಂಗಳು ತಿಂಗಳಿಗೆ ಹೇಗೆ ಏರಿತು ಎಂದು.
ಆ ಏರಿದ ಗೆರೆ ಎಷ್ಟು ಚಂದವೆಂದರೆ
ದೊಡ್ಡಮ್ಮನ ರಂಗೋಲಿಗೂ ಅಷ್ಟು ನಿಯತ್ತಿರಲಿಲ್ಲ.

ನಾನು ಕೊನೆಯ ಅಂಕಿಗಳನ್ನು ಮಾತ್ರ ಎಣಿಸಿದೆ,
ದಶಾಂಶದ ಬಾಲದಲ್ಲಿ ಕೂತವು, ಯಾರೂ ಮುಖ ನೋಡದವು.
ಯಂತ್ರ ಕೊಟ್ಟ ಅಂಕಿಗಳಲ್ಲಿ ಪಂಕ್ತಿಭೇದವಿಲ್ಲ,
ಸೊನ್ನೆ, ಐದು, ಎಂಟು ಒಟ್ಟಿಗೇ ಉಣ್ಣುತ್ತವೆ.
ಇಲ್ಲಿ ಏಳು ಹೆಚ್ಚು. ಮೂರು ಹೆಚ್ಚು.
ಸೊನ್ನೆಗೆ ಎಲೆಯನ್ನೇ ಹಾಕಿಲ್ಲ.
ಮನುಷ್ಯ ಇಲ್ಲದ ಸಂಖ್ಯೆ ಬರೆಯುವಾಗ
ಸೊನ್ನೆಗೆ ಹೆದರುತ್ತಾನೆ,
ಅದು ಸುಳ್ಳಿನಂತೆ ಕಾಣುತ್ತದೆ ಎಂದು.

ಟೈಪಿಂಗ್ ತಪ್ಪು, ಎಂದರು ಸರ್.
(ಹೆಸರು ಹೇಳಬಾರದು, ಸಮಿತಿಯ ಕಟ್ಟಳೆ.)
ಎರಡನೇ ಲೇಖಕರು ಇಂಗ್ಲಿಷು ತಿದ್ದಿದ್ದಷ್ಟೇ.
ಮೂರನೆಯವರು ಮಸ್ಕತ್ತಿನಲ್ಲಿ, ಫೋನು ಎತ್ತಲಿಲ್ಲ.
ನಾಲ್ಕನೆಯವರಿಗೆ ತನ್ನ ಹೆಸರಿದ್ದದ್ದೇ ಗೊತ್ತಿರಲಿಲ್ಲ,
ಗೊತ್ತಾಗಿ, ಒಂದು ಕ್ಷಣ, ಖುಷಿಪಟ್ಟರು.
ಕ್ಯಾಂಟೀನಿನಲ್ಲಿ ಯಾರೋ, ನನಗೆ ಕೇಳುವಷ್ಟು ಗಟ್ಟಿಯಾಗಿ:
ಏರುವವರ ಕಾಲೆಳೆಯುವುದು ನಮ್ಮವರಿಗೆ ಹುಟ್ಟುಗುಣ ಮಾರಾಯ.

ಸಂಪಾದಕರಿಗೆ ಬರೆದೆವು. ಅವರು ಪ್ರಕಾಶಕರಿಗೆ.
ಪ್ರಕಾಶಕರು ತಿರುಗಿ ನಮಗೇ:
ಈ ಬಗ್ಗೆ ನಿಮ್ಮ ಸಂಸ್ಥೆಯ ಅಭಿಪ್ರಾಯವೇನು?
ಹೀಗೆ ಒಂದು ಮಳೆಗಾಲ, ಒಂದು ಬೇಸಗೆ.

ಮಾದರಿ ಹೆಕ್ಕಿದ ದಿನಗಳ ಪಟ್ಟಿಯಿತ್ತು. ಜುಲೈ ಒಂಬತ್ತು,
ಹದಿನಾರು, ಇಪ್ಪತ್ತಮೂರು, ಮೂವತ್ತು.
ಬೆಂಗ್ರೆಗೆ ಹೋಗಿ ವಾರಿಜಕ್ಕನನ್ನು ಕೇಳಿದೆ,
ಮೂವತ್ತು ವರ್ಷ ಸೊಂಟಮಟ್ಟ ನೀರಲ್ಲಿ ನಿಂತು
ಕಾಲ್ಬೆರಳಲ್ಲೇ ಮರ್ವಾಯಿ ಗುರುತಿಸುವವಳು.
ನಕ್ಕಳು. ಆಟಿಡ್ ಏರ್ ಮಗಾ ಸುದೆಕ್ ಜಪ್ಪುನಿ?
ಆಟಿಯ ಕೆಂಪು ನೀರಿಗೆ ಯಾರಪ್ಪ ಇಳಿಯುವುದು?
ವರದಿಯಲ್ಲಿ ಆ ನಗು ಹೀಗಾಯಿತು:
'ಸದರಿ ಅವಧಿಯಲ್ಲಿ ಮಾದರಿ ಸಂಗ್ರಹದ ಸಾಧ್ಯತೆ
ಕಡಿಮೆಯೆಂದು ಸ್ಥಳೀಯ ಮೂಲಗಳಿಂದ ತಿಳಿದುಬಂದಿದೆ.'

ಝುಲೈಖಾ ಮೂರು ವರ್ಷ ಅದೇ ಗೆರೆಯನ್ನು ಹುಡುಕಿದ್ದಳು.
ಆಸಿಡ್ ಬದಲಿಸಿದಳು, ಗಾಜು ಬದಲಿಸಿದಳು,
ಬಳೆ ಉಂಗುರ ತೆಗೆದಿಟ್ಟು ಕೈ ತೊಳೆದಳು.
ಗೆರೆ ಏರಲಿಲ್ಲ.
ನನ್ನ ಕೈಯೇ ಸರಿಯಿಲ್ಲ ಸರ್, ಎಂದಾಗ
ಇನ್ನೊಂದು ಸಲ ಮಾಡಿ ನೋಡು ಎಂದವರಲ್ಲಿ
ನಾನೂ ಒಬ್ಬ.
ಈಗ ತೊಕ್ಕೊಟ್ಟಿನಲ್ಲಿ ಎಂಟನೇ ತರಗತಿಗೆ
ಆಮ್ಲ, ಪ್ರತ್ಯಾಮ್ಲ ಹೇಳಿಕೊಡುತ್ತಾಳೆ.

ಕೊನೆಗೂ ಎರಡು ಸಾಲು ಬಂತು.
ಲೇಖನವನ್ನು ಹಿಂಪಡೆಯಲಾಗಿದೆ.
ಹಿಂಪಡೆದವರು ಯಾರು, ಕ್ರಿಯಾಪದ ಹೇಳುವುದಿಲ್ಲ.
ಮೋಸ ಎಂಬ ಶಬ್ದ ಇಲ್ಲ.
ಸರ್‌ಗೆ ಅದೇ ವಾರ ಉಡುಪಿಯಲ್ಲಿ ಶಾಲು, ಹಾರ;
ನಮ್ಮ ಸಮಿತಿಯ ಅಧ್ಯಕ್ಷರೇ ಸ್ವಾಗತ ಭಾಷಣ.
ಹಿಂಪಡೆದ ಮೇಲೂ ಆರು ಪ್ರಬಂಧ
ಅದನ್ನೇ ಊರುಗೋಲು ಮಾಡಿಕೊಂಡು ನಡೆದಿವೆ.

ವಾರಿಜಕ್ಕ ಹೊರಡುವಾಗ ಕೇಳಿದ್ದು
ವರದಿಗೆ ಸೇರಲಿಲ್ಲ.
ಅದೆಲ್ಲ ಇರಲಿ ಮೇಷ್ಟ್ರೇ,
ನಮ್ಮ ಮರ್ವಾಯಿಯಲ್ಲಿ ವಿಷ ಉಂಟಾ, ಇಲ್ಲವಾ?

ನಿನ್ನೆ ಕಪಾಟಿನಿಂದ ಝುಲೈಖಾಳ ನೋಟುಪುಸ್ತಕ ತೆಗೆದೆ.
ಸೊನ್ನೆಗಳಿದ್ದವು, ಬೇಕಾದಷ್ಟು.
ಮೊದಲ ಸೊನ್ನೆಯ ಪಕ್ಕ ಕೆಂಪು ಶಾಯಿಯ
ಒಂದು ಪ್ರಶ್ನಾರ್ಥಕ ಚಿಹ್ನೆ.
ಬರಹ ನನ್ನದು.